ಬಿಸಿಲು, ಇಪ್ಪತ್ತು ನಿಮಿಷ

ಯಾವ ಕೋಣೆಗೆ ಕಾಲಿಟ್ಟರೂ ಬಿಸಿಲಕ್ಕನ ಕೈ ಮೊದಲು ಹೋಗುತ್ತಿದ್ದುದು ಕಿಟಕಿಯ ಚಿಲಕಕ್ಕೆ. ಕುಶಲಪ್ರಶ್ನೆ, ಬಂದ ಕಾರಣ ಎಲ್ಲವೂ ಆಮೇಲೆ. ತುಕ್ಕು ಹಿಡಿದು ಮಿಸುಕದ ಚಿಲಕಗಳಿಗೆಂದೇ ಅವರ ಕಂದು ಬಣ್ಣದ ಹಳೆಯ ಉಣ್ಣೆ ಕೋಟಿನ ಬಲಜೇಬಿನಲ್ಲಿ ಎಣ್ಣೆಯ ಪುಟ್ಟ ಶೀಶೆ ಇರುತ್ತಿತ್ತು; ಎಡಜೇಬಿನಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ರೋಗಿಗಳ ಹೊದಿಕೆ ಗಾಳಿಗೆ ಹಾರದಂತೆ ಗಾಲಿಕುರ್ಚಿಗೆ ಸಿಕ್ಕಿಸಲು. ಮೂವತ್ತೊಂದು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ದಾದಿಯಾಗಿದ್ದ ಅವರಿಗೆ ಆ ಹೆಸರಿಟ್ಟವರು ರೋಗಿಗಳೇ. ಹಿಮ್ಮಡಿಯೂರಿ ಚುರುಕಾಗಿ ನಡೆಯುವಾಗ ಎಡಗಾಲಿನ ಬೂಟು ಮಾತ್ರ ಕೀರೆನ್ನುತ್ತಿತ್ತು. ಆ ಸದ್ದು ಹತ್ತಿರವಾದಂತೆ ಸೋಮಾರಿಗಳು ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದರು, ಉಳಿದವರು ಚಪ್ಪಲಿ ಹುಡುಕುತ್ತಿದ್ದರು.

ಮಾತಿನ ಕೊನೆಗೆ "ಆಯ್ತಲ್ಲ?" ಎನ್ನುವುದು ಅವರ ರೂಢಿ. ಅದು ಪ್ರಶ್ನೆಯಂತೆ ಕೇಳಿಸಿದರೂ ಉತ್ತರಕ್ಕೆ ಅಲ್ಲಿ ಎಡೆಯಿರಲಿಲ್ಲ. ಇನ್ನೊಂದು ಹಟವೆಂದರೆ, ಪ್ರತಿ ರೋಗಿಯ ಚೀಟಿಯಲ್ಲೂ ನೋವಿನ ಗುಳಿಗೆ ಮತ್ತು ಸುಣ್ಣಾಂಶದ ಗುಳಿಗೆಗಳ ನಡುವೆ 'ಬಿಸಿಲು, ಇಪ್ಪತ್ತು ನಿಮಿಷ' ಎಂದು ದುಂಡಗಿನ ಅಕ್ಷರಗಳಲ್ಲಿ ಬರೆಯುವುದು. ಹೊಸದಾಗಿ ಸೇರಿದ ದಾದಿಯೊಬ್ಬಳು ಅಂಥದೊಂದು ಚೀಟಿಯನ್ನು ಓದದೆಯೇ ಔಷಧಾಲಯಕ್ಕೆ ಕಳಿಸಿದಳು. ಅಲ್ಲಿನವನೂ ಕೆಲಸದ ಭರದಲ್ಲಿ 'ದಾಸ್ತಾನಿಲ್ಲ' ಎಂದು ಮೊಹರೊತ್ತಿ ಹಿಂದಿರುಗಿಸಿದ. ಆ ಚೀಟಿಯನ್ನು ಬಿಸಿಲಕ್ಕ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದರು.

ಈ ಹಟದ ಬೇರು ಭಾವುಕತೆಯಲ್ಲಿರಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯವರು ನಿದ್ದೆಯ ಗುಳಿಗೆ ಕೇಳುವುದು ಕಡಿಮೆಯೆಂದು ಒಮ್ಮೆ ಅವರಿಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ನಂಬದೆ ಎರಡು ವರ್ಷ ಒಂದು ಹೊತ್ತಗೆಯಲ್ಲಿ ದಿನಚರಿ ಬರೆದರು: ಯಾರು ಎಷ್ಟು ಹೊತ್ತು ಅಂಗಳದಲ್ಲಿದ್ದರು, ಯಾರು ಎಷ್ಟು ಉಂಡರು, ಎಷ್ಟು ನಿದ್ರಿಸಿದರು, ಯಾವ ದಿನ ಎದ್ದು ನಿಂತರು. ಹೊರಗೆ ಹೋಗಿಬಂದವರಲ್ಲಿ ಹೆಚ್ಚಿನವರು ಚೆನ್ನಾಗಿ ಉಂಡಿದ್ದರು, ಗಾಢವಾಗಿ ಮಲಗಿದ್ದರು, ಬೇಗ ನಿಂತಿದ್ದರು. ಹಾಗೆಂದು ಅವರು ಬಿಸಿಲಿಗೆ ಇಲ್ಲದ ಮಹಿಮೆಯನ್ನು ಆರೋಪಿಸಿದವರಲ್ಲ. "ಮುರಿದಿದ್ದನ್ನ ಕೂಡಿಸೋದು ಡಾಕ್ಟ್ರು. ಕೂಡಿದ ಕಾಲ ಮೇಲೆ ನಿಲ್ಲೋಕೆ ಮನಸ್ಸು ಬರಬೇಕಲ್ಲ, ಅದು ಛಾವಣಿ ನೋಡ್ತಾ ಮಲಗಿದ್ರೆ ಬರಲ್ಲ," ಎಂದಿದ್ದರು.

ಅಂಥ ಮನಸ್ಸು ಬಾರದೆ ಮಲಗಿದ್ದವರು ಪುಸ್ತಕ ಕಟ್ಟುವ ಕಸುಬಿನ ಒಬ್ಬ ಹಿರಿಯರು; ವಾರ್ಡಿನವರಿಗೆಲ್ಲ ಅವರು 'ಬೈಂಡರು'. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಮೂರು ದಿನ ಅಂಗಳಕ್ಕೆ ಹೋಗಿಬಂದವರು ನಾಲ್ಕನೆಯ ದಿನ ಊಟ ಕೇಳಿ ಹಾಕಿಸಿಕೊಂಡಿದ್ದರು. ಅದೇ ದಿನ ಅಂಗಳದ ಚರಂಡಿಯ ಅಂಚಿಗೆ ಇನ್ನೊಂದು ಗಾಲಿಕುರ್ಚಿ ಸಿಕ್ಕಿ ವಾಲಿ, ವೃದ್ಧೆಯೊಬ್ಬರ ಮೊಣಕೈ ತರಚಿತು. ಮುಂದಿನ ಆದೇಶದವರೆಗೆ ರೋಗಿಗಳನ್ನು ಹೊರಗೆ ಕರೆದೊಯ್ಯಕೂಡದೆಂದು ಸೂಪರಿಂಟೆಂಡೆಂಟರು ಸಂಜೆಯೊಳಗೆ ಸುತ್ತೋಲೆ ಹೊರಡಿಸಿದರು. ಬೈಂಡರು ಗೋಡೆಯ ಕಡೆ ಮುಖ ತಿರುಗಿಸಿದರು. ಊಟದ ತಟ್ಟೆ ಹಾಗೇ ಮರಳತೊಡಗಿತು. ಇನ್ನು ಮೂರು ವಾರದಲ್ಲಿ ನಿಲ್ಲದಿದ್ದರೆ ಮುಂದೆಂದೂ ನಿಲ್ಲಲಾರರೆಂದು ವೈದ್ಯರು ಅವರ ಮಗಳಿಗೆ ಹೇಳಿದರು. ಆಕೆ ದಾದಿಯರ ಕೋಣೆಗೆ ಬಂದು, "ಅಪ್ಪ ಅಂಗಡಿ ಮಾರ್ಬಿಡು ಅಂತಿದಾರೆ ಸಿಸ್ಟರ್," ಎಂದು ಕೂತುಬಿಟ್ಟಳು.

ಬಿಸಿಲಕ್ಕ ಮೊದಲು ಮಾಡಿದ ಕೆಲಸ ಗಾರೆಯವನನ್ನು ಕರೆಸಿ ಚರಂಡಿಗೆ ಕಲ್ಲುಚಪ್ಪಡಿ ಹಾಸಿಸಿದ್ದು. "ತಪ್ಪು ನನ್ನದೇ, ಅಷ್ಟು ವರ್ಷ ಅದನ್ನ ದಾಟ್ಕೊಂಡೇ ಓಡಾಡಿದ್ದೆ," ಎಂದು, ವರ್ಷಗಳ ಬಳಿಕ ಅವರ ನೆನಪುಗಳನ್ನು ಧ್ವನಿಮುದ್ರಿಸಲು ಹೋದ ನನ್ನೆದುರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆಮೇಲೆ ಮನವಿ ಬರೆದು, ಎರಡು ವರ್ಷದ ದಿನಚರಿಯ ಸಾರವನ್ನು ಎಂಟು ಪುಟಗಳಿಗಿಳಿಸಿ ಸೂಪರಿಂಟೆಂಡೆಂಟರ ಮುಂದೆ ನಿಂತರು. ಆ ಕೋಣೆಯ ಕಿಟಕಿಗಳಿಗೆ ದಪ್ಪ ಪರದೆ, ಹಗಲೆಲ್ಲ ಟ್ಯೂಬ್‌ಲೈಟು. ಅಧಿಕಾರಿಯ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಇಟ್ಟು ಹೋಗಿ ಸಿಸ್ಟರ್, ನೋಡ್ತೀನಿ."

"ಜಾಗ ನೋಡದೆ ಸಹಿ ಹಾಕಿದ್ರೆ ನಾಳೆ ನಿಮ್ಮ ತಲೆ ಮೇಲೇ ಬರುತ್ತೆ ಸರ್. ದಿನಾ ಹನ್ನೊಂದು ಗಂಟೆಗೆ ಅಂಗಳಕ್ಕೆ ಬನ್ನಿ, ಒಂದೊಂದು ಪುಟ ತೋರಿಸ್ತೀನಿ. ಇಪ್ಪತ್ತೇ ನಿಮಿಷ. ಆಯ್ತಲ್ಲ?"

ತನ್ನ ತಲೆಯ ಮೇಲೆ ಬರುವುದೆಂಬ ಮಾತು ಯಾವ ಅಧಿಕಾರಿಯನ್ನೂ ಕುರ್ಚಿಯಿಂದ ಎಬ್ಬಿಸಬಲ್ಲದು. ಮರುದಿನ ಅವರು ಬಂದರು, ಗಡಿಯಾರ ನೋಡುತ್ತಲೇ ಕೂತರು. ಮೂರನೆಯ ದಿನ ಕೈಗಡಿಯಾರ ಮರೆತರು. ಐದನೆಯ ದಿನ ಮರದ ಮೇಲಿನ ಹಕ್ಕಿ ಯಾವುದೆಂದು ಕೇಳಿದರು. ಎಂಟು ಪುಟಗಳೂ ಮುಗಿದ ಮರುದಿನ, ಯಾರೂ ಕರೆಯದಿದ್ದರೂ ಹನ್ನೊಂದಕ್ಕೆ ಸರಿಯಾಗಿ ಅಂಗಳದಲ್ಲಿದ್ದರು.

"ಇವತ್ತು ಯಾವ ಪುಟ?"

"ಪುಟ ನಿನ್ನೇನೇ ಮುಗೀತಲ್ಲ ಸರ್."

"ಮತ್ತೆ ಕುರ್ಚಿ ಯಾಕೆ ಹಾಕಿದ್ದೀರಿ?"

"ನೀವು ಬರ್ತೀರಿ ಅಂತ ಗೊತ್ತಿತ್ತು."

ಅವರು ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ ಕೇಳಿದರು: "ನಾಲ್ಕು ದಿನದಿಂದ ಚೆನ್ನಾಗಿ ನಿದ್ದೆ ಬರ್ತಿದೆ. ಇದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ?"

"ಮೂರನೇ ಪುಟ ನೋಡಿ ಸರ್."

ಸುತ್ತೋಲೆ ಅಲ್ಲೇ, ಮೊಣಕಾಲ ಮೇಲಿಟ್ಟ ಹಾಳೆಯಲ್ಲಿ, ರದ್ದಾಯಿತು.

ವೈದ್ಯರು ಕೊಟ್ಟ ಮೂರು ವಾರದಲ್ಲಿ ಹತ್ತು ದಿನ ಮಾತ್ರ ಉಳಿದಿತ್ತು. ಅಂದೇ ಬೈಂಡರನ್ನು ಹೊರತಂದಾಗ ಅವರು ಕೈಯನ್ನು ಹಣೆಗೆ ಅಡ್ಡಹಿಡಿದು ಸಿಡುಕಿದರು: "ಕಣ್ಣು ಕುಕ್ಕುತ್ತೆ ಸಿಸ್ಟ್ರಮ್ಮ. ಒಳಗೆ ಬಿಡಿ ನನ್ನ."

"ಹತ್ತು ನಿಮಿಷ ನನ್ನ ಬೈಯಿರಿ ಯಜಮಾನ್ರೇ, ಆಮೇಲೆ ಹೋಗೋಣ."

ಹತ್ತು ನಿಮಿಷ ಬೈದರು. ಬೈಗುಳ ತೀರಿದ ಮೇಲೆ ಅವರ ಕಣ್ಣು ಬಿಸಿಲಕ್ಕನ ಕೈಯಲ್ಲಿದ್ದ ಹೊತ್ತಗೆಯ ಮೇಲೆ ನಿಂತಿತು. "ಇದನ್ನ ಹೊಲಿದವನು ಯಾವ ಪುಣ್ಯಾತ್ಮ? ದಾರ ಬಿಟ್ಕೊಂಡಿದೆ, ಬೆನ್ನು ಕಿತ್ತು ಬರ್ತಿದೆ. ಕೊಡಿ ಇಲ್ಲಿ." ಅಂದು ಸಂಜೆ ತಟ್ಟೆ ಖಾಲಿಯಾಯಿತು. ಮುಂದಿನ ದಿನಗಳಲ್ಲಿ ನಿದ್ದೆ ಮರಳಿತು, ಕಾಲಿನ ವ್ಯಾಯಾಮಕ್ಕೆ ಒಲ್ಲೆನೆನ್ನುವುದು ನಿಂತಿತು. ಮಗಳು ಸೂಜಿ, ಮೇಣದ ದಾರಗಳನ್ನು ತಂದುಕೊಟ್ಟಳು; ದಿನವೂ ಬಿಸಿಲಲ್ಲಿ ಕೂತು ಹೊತ್ತಗೆ ಹೊಲಿಯುವುದು ಶುರುವಾಯಿತು. ಏಳನೆಯ ದಿನ ವೈದ್ಯರು ನಿಲ್ಲಿಸಿ ನೋಡಬಹುದೆಂದರು. ಬಿಸಿಲಕ್ಕ ಹೊತ್ತಗೆಯನ್ನು ಬೈಂಡರ ಕೈಗೆ ಕೊಡದೆ, ನಾಲ್ಕು ಹೆಜ್ಜೆ ದೂರದ ಮೋಟುಗೋಡೆಯ ಮೇಲಿಟ್ಟರು.

"ತಂದ್ಕೊಡಿ ಸಿಸ್ಟ್ರಮ್ಮ."

"ನನ್ನ ಕೈಗೆ ಬಿಡುವಿಲ್ಲ," ಎಂದರು ಬಿಸಿಲಕ್ಕ. ಅವರ ಒಂದು ಕೈ ಬೈಂಡರ ಬೆನ್ನ ಹಿಂದೆ ಚಾಚಿತ್ತು, ಮತ್ತೊಂದು ಅವರು ಊರಿ ನಡೆಯಬೇಕಾದ ವಾಕರನ್ನು ಮುಂದಕ್ಕೆ ತಳ್ಳುತ್ತಿತ್ತು.

ಬೈಂಡರು ಮತ್ತೆ ಬೈದರು. ಬೈಯುತ್ತಲೇ ಎದ್ದರು, ಪ್ರತಿ ಹೆಜ್ಜೆಗೂ ಹೊಸದೊಂದು ಬೈಗುಳವನ್ನು ಊರುತ್ತ ನಾಲ್ಕು ಹೆಜ್ಜೆ ನಡೆದು ಹೊತ್ತಗೆಯ ಮೇಲೆ ಅಂಗೈಯಿಟ್ಟರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅಂಗಡಿ ಬೀಗ ಎಣ್ಣೆ ಕಂಡಿದೆಯೇನೇ?" ಎಂದು ಅವರು ಆಕೆಯನ್ನು ಗದರಿದರು. ಬಿಸಿಲಕ್ಕನ ಕೈ ತಾನಾಗಿ ಬಲಜೇಬಿಗೆ ಹೋಯಿತಂತೆ.

ಆ ಹೊತ್ತಗೆಯನ್ನು ನಾನು ನೋಡಿದ್ದೇನೆ. ಮೇಣದ ದಾರದ ಬಿಗಿ ಹೊಲಿಗೆ, ಗಟ್ಟಿ ರಟ್ಟು, ಮೊದಲ ಪುಟದಲ್ಲಿ 'ದಾಸ್ತಾನಿಲ್ಲ' ಎಂಬ ಮೊಹರಿನ ಚೀಟಿ. ಧ್ವನಿಮುದ್ರಣಕ್ಕೆ ಒಳಕೋಣೆಯೇ ಅನುಕೂಲವೆಂದು ನಾನು ಅನ್ನುವಷ್ಟರಲ್ಲಿ, ನಿವೃತ್ತರಾಗಿ ಬಹುಕಾಲವಾಗಿದ್ದ ಅವರು ಎರಡು ಕುರ್ಚಿಗಳನ್ನು ಆಗಲೇ ಹೊರಗೆ ಒಯ್ಯುತ್ತಿದ್ದರು. ನನ್ನ ಧ್ವನಿಮುದ್ರಿಕೆಯ ತುಂಬ ಗಾಳಿಯಿದೆ, ಎಲೆಗಳ ಸದ್ದಿದೆ. ಅವರ ದನಿ ಅವೆರಡರ ನಡುವೆ ಸ್ಪಷ್ಟವಾಗಿಯೇ ಕೇಳುತ್ತದೆ.

ಔಷಧದ ಕಪಾಟಿಗೆ ಬೀಗವುಂಟು, ಬೀಗದ ಕೈಗೆ ಹೊಣೆಗಾರರುಂಟು. ಬಾಗಿಲಾಚೆಯ ಬೆಳಕು ಎಲ್ಲರದಾದ್ದರಿಂದಲೇ ಅದಕ್ಕೆ ಯಾರೂ ಹೊಣೆಯಲ್ಲ. ಸುತ್ತೋಲೆಯೊಂದು ಅದನ್ನು ತಡೆದರೆ ಕೇಳುವವರಿಲ್ಲ. ಯಾರೂ ವಹಿಸದ ಆ ಹೊಣೆಯನ್ನು ತಾವಾಗಿ ಹೊರುವ ಜನ ಪ್ರತಿ ಕಾಲದಲ್ಲೂ ನಾಲ್ಕಾರು ಮಂದಿ ಇರುತ್ತಾರೆ. ಅವರು ಹೊಸದೇನನ್ನೂ ಕಂಡುಹಿಡಿಯುವುದಿಲ್ಲ. ಇದ್ದ ಬಾಗಿಲಿಗೆ ಎಣ್ಣೆ ಹಾಕುತ್ತಾರೆ, ಹೊಸ್ತಿಲಾಚೆಗೆ ಒಂದು ಕುರ್ಚಿ ಇಡುತ್ತಾರೆ, ಮಲಗಿದವರು ಬೈಯುತ್ತ ಎದ್ದು ಬರುವವರೆಗೆ ಕಾಯುತ್ತಾರೆ.