ಹೆಂಡತಿಯ ಹಲ್ಲಿಗೆ ನಾನು ಆರಿಸಿದ ಬಣ್ಣ

ನಾನು ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಹಳೆಯ ಮೇಜು, ಕುರ್ಚಿ, ಬೀರು, ಬಾಗಿಲು ಏನೇ ತನ್ನಿ, ಹೊಸದರ ಹಾಗೆ ಮಾಡಿ ಕೊಡುತ್ತೇನೆ. ಮರದಲ್ಲಿ ತೂತು ಇದ್ದರೆ ಮರದ ಹೊಟ್ಟಿಗೆ ಗೋಂದು ಕಲಸಿ, ಬಣ್ಣ ಬೆರೆಸಿ ತುಂಬುತ್ತೇನೆ. ಉಜ್ಜಿ ಪಾಲಿಶ್ ಎಳೆದ ಮೇಲೆ ತೂತು ಎಲ್ಲಿತ್ತು ಎಂದು ಸಾಮಾನು ತಂದವರಿಗೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸ. ಬಣ್ಣ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬು ನನಗಿತ್ತು. ಆ ಕೊಬ್ಬಿನಿಂದ ನನ್ನ ಹೆಂಡತಿ ಒಂದು ಹಲ್ಲು ಕಳೆದುಕೊಂಡಳು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಕೇಳಿ.

ಹಲ್ಲುನೋವು ಯಾರ ಮನೆಯಲ್ಲಿಲ್ಲ? ಎಲ್ಲರೂ ಮಾಡುವುದನ್ನೇ ನನ್ನ ಹೆಂಡತಿಯೂ ಮಾಡಿದಳು. ಎರಡು ತಿಂಗಳು ಲವಂಗ ಇಟ್ಟುಕೊಂಡು ದಿನ ತಳ್ಳಿದಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಶರಟು ಮಡಿಸಿ ಪೆಟ್ಟಿಗೆಗೆ ತುಂಬುವವಳು. "ನಿಮ್ಮ ಮನೆಯವರ ಒಂದು ಕೈ ಯಾವಾಗಲೂ ಕೆನ್ನೆ ಮೇಲೇ ಇರುತ್ತೆ" ಎಂದು ಅವಳ ಜೊತೆಯವರು ಹೇಳಿದ ಮೇಲೆ ನಾನೇ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಡಾಕ್ಟರಮ್ಮ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು.

"ಕೆಳಗಿನ ದವಡೆ ಹಲ್ಲು. ಹುಳುಕು ಇನ್ನೂ ನರ ಮುಟ್ಟಿಲ್ಲ, ಹಲ್ಲು ಉಳಿಯುತ್ತೆ. ಕೊಳೆತದ್ದನ್ನ ತೆಗೆದು ಫಿಲ್ಲಿಂಗ್ ಮಾಡೋಣ" ಎಂದರು.

"ಯಾವುದರಲ್ಲಿ ತುಂಬ್ತೀರಿ ಡಾಕ್ಟ್ರೇ?" ಎಂದೆ. ತೂತು ತುಂಬುವ ಮಾತು ಬಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಮೂರ್ನಾಲ್ಕು ಥರ ಇದೆ. ಬೆಳ್ಳಿ ಬಣ್ಣದ್ದು ಗಟ್ಟಿ, ತುಂಬಾ ವರ್ಷ ಬಾಳುತ್ತೆ. ಹಾಕೋವಾಗ ಸ್ವಲ್ಪ ಒದ್ದೆ ಇದ್ರೂ ತಡ್ಕೊಳ್ಳುತ್ತೆ. ಆದ್ರೆ ಕಪ್ಪಗೆ ಕಾಣುತ್ತೆ. ಬಿಳೀದು ಹಲ್ಲಿನ ಬಣ್ಣಕ್ಕೇ ಹೊಂದುತ್ತೆ, ಹಲ್ಲಿಗೆ ಅಂಟ್ಕೊಳ್ಳುತ್ತೆ, ಅದಕ್ಕೆ ಜಾಸ್ತಿ ಕೊರೀಬೇಕಾಗಲ್ಲ. ಆದ್ರೆ ಹಾಕೋವಾಗ ಹಲ್ಲು ಪೂರ್ತಿ ಒಣಗಿರಬೇಕು. ಇನ್ನೊಂದು ಸಿಮೆಂಟ್ ಥರದ್ದು. ಅದು ಹುಳುಕು ತಡೆಯೋ ಫ್ಲೋರೈಡ್ ಬಿಡುತ್ತೆ, ಮಕ್ಕಳ ಹಾಲುಹಲ್ಲಿಗೆ, ಒಸಡಿನ ಪಕ್ಕದ ಸಣ್ಣ ತೂತಿಗೆ ಒಳ್ಳೇದು. ಅಗಿಯೋ ಹಲ್ಲಿನ ದೊಡ್ಡ ತೂತಿಗೆ ಹಾಕಿದ್ರೆ ಬೇಗ ಸವೆಯುತ್ತೆ. ಅಳತೆ ತಗೊಂಡು ಹೊರಗೆ ಮಾಡಿಸಿ ಕೂರಿಸೋದೂ ಇದೆ, ಅದು ದುಬಾರಿ."

"ಬೆಳ್ಳೀದರಲ್ಲಿ ಪಾದರಸ ಇರುತ್ತಂತಲ್ಲ ಮೇಡಂ?" ಹೆಂಡತಿ ಕೇಳಿದಳು.

"ಇರುತ್ತೆ ಅಮ್ಮ. ಬೇರೆ ಲೋಹದ ಜೊತೆ ಸೇರಿ ಗಟ್ಟಿಯಾಗಿರುತ್ತೆ. ಹೆಚ್ಚಿನವರಿಗೆ ಅದರಿಂದ ತೊಂದರೆ ಕಂಡಿಲ್ಲ. ಆದ್ರೂ ಗರ್ಭಿಣಿಯರಿಗೆ, ಎದೆಹಾಲು ಕೊಡೋರಿಗೆ, ಮಕ್ಕಳಿಗೆ, ಕಿಡ್ನಿ ತೊಂದರೆ ಇರೋರಿಗೆ ಬೇಡ ಅಂತೀವಿ. ಪರಿಸರಕ್ಕೂ ಕೆಟ್ಟದ್ದು ಅಂತ ಎಷ್ಟೋ ಕಡೆ ನಿಲ್ಲಿಸ್ತಾ ಇದ್ದಾರೆ. ಹಾಗಂತ ಗಟ್ಟಿಯಾಗಿ ಕೂತಿರೋ ಹಳೇದನ್ನ ಹೆದರಿ ಕೀಳಿಸೋದು ಬೇಕಿಲ್ಲ."

"ಹಾಗಾದ್ರೆ ಯಾವುದು ಜಾಸ್ತಿ ದಿನ ಬರುತ್ತೋ ಅದನ್ನೇ ಹಾಕಿ. ಅಷ್ಟು ಹಿಂದಿನ ಹಲ್ಲನ್ನ ಯಾರು ಬಗ್ಗಿ ನೋಡ್ತಾರೆ?"

"ನಾನು ನೋಡ್ತೀನಲ್ಲ!" ಎಂದೆ. "ಬಿಳೀ ಮರಕ್ಕೆ ಕಪ್ಪು ತೇಪೆ ಹಾಕಿದ್ರೆ ನನಗೆ ಯಾರಾದ್ರೂ ಕೆಲಸ ಕೊಡ್ತಾರಾ? ಬಿಳೀದೇ ಇರಲಿ."

"ಮೊದಲು ಕೊಳೆತದ್ದು ಎಷ್ಟು ಆಳ ಇದೆ ನೋಡೋಣ" ಎಂದು ಡಾಕ್ಟರಮ್ಮ ಮರಗಟ್ಟಿಸುವ ಸೂಜಿ ಕೊಟ್ಟು, ಕೊರೆಯಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿದರು.

"ಹುಳುಕು ಒಸಡಿನ ಕೆಳಗೂ ಇಳಿದಿದೆ. ಅಲ್ಲಿ ರಕ್ತ ಜಿನುಗ್ತಾ ಇದೆ, ಪೂರ್ತಿ ಒಣಗಿಸೋದು ಕಷ್ಟ. ನನ್ನ ಕೇಳಿದ್ರೆ ಈ ಹಲ್ಲಿಗೆ ಬೆಳ್ಳೀದೇ ಸರಿ. ಬಿಳೀದು ಹಾಕಿದ್ರೆ ಅಂಚಿನಲ್ಲಿ ಸಂದು ಬಿಡಬಹುದು, ಒಳಗಿಂದ ಮತ್ತೆ ಹುಳುಕಾಗಬಹುದು. ಅಮ್ಮ, ನಿಮಗೆ ಈಗ ಮಾತಾಡೋಕಾಗಲ್ಲ. ಬೆಳ್ಳೀದಕ್ಕೆ ಒಂದು ಬೆರಳು ಎತ್ತಿ, ಬಿಳೀದಕ್ಕೆ ಎರಡು."

ಬಾಯಿ ತುಂಬ ಹತ್ತಿ ಇಟ್ಟುಕೊಂಡಿದ್ದ ನನ್ನ ಹೆಂಡತಿ ಒಂದು ಬೆರಳು ಎತ್ತಿದಳು. ನಾನು ನಕ್ಕೆ. ನಗುತ್ತಲೇ ಪಕ್ಕದ ಬೆರಳನ್ನು ಹಿಡಿದು ನಾನೇ ಮೇಲಕ್ಕೆತ್ತಿದೆ.

"ನೋಡಿ ಡಾಕ್ಟ್ರೇ, ಎರಡು ಅಂತಿದ್ದಾಳೆ!"

ಡಾಕ್ಟರಮ್ಮ ನಗಲಿಲ್ಲ. "ಅಮ್ಮ, ನೀವು ಹೇಳಿ" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಎಲ್ಲಾ ಬಲ್ಲವನಂತೆ ಹುಬ್ಬು ಹಾರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಎಷ್ಟು ಸಲ ಹಾಗೆ ತಲೆಯಾಡಿಸಿದ್ದಳೋ, ನಾನು ಯಾವತ್ತೂ ಗಮನಿಸಿರಲಿಲ್ಲ.

ಡಾಕ್ಟರಮ್ಮ ಬಿಳಿಯದನ್ನೇ ತುಂಬಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. "ಆರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು. ಊಟ ಸಿಕ್ಕಿಕೊಂಡ್ರೆ, ತಣ್ಣೀರು ಕುಡಿದಾಗ ಜುಮ್ ಅಂದ್ರೆ ಮಾರನೇ ದಿನಾನೇ ಬನ್ನಿ" ಎಂದು ಎರಡೆರಡು ಸಲ ಹೇಳಿದರು. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣೆಲ್ಲ ಬಣ್ಣದ ಮೇಲಿತ್ತು. ಎಂಥ ಬಣ್ಣ ಹೊಂದಿಕೆ ಅಂತೀರಿ! ಮನೆಗೆ ಬಂದವರ ಮುಂದೆಲ್ಲ ಹೆಂಡತಿಗೆ, "ಬಾಯಿ ತೆಗಿಯೇ, ತೋರಿಸು" ಎನ್ನುತ್ತಿದ್ದೆ. "ಸುಮ್ನಿರಿ, ನಾಚಿಕೆಯಾಗುತ್ತೆ" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಆರು ತಿಂಗಳಾಯಿತು. ನೋವಿಲ್ಲವಲ್ಲ, ಯಾಕೆ ಹೋಗುವುದು ಎಂದು ಬಿಟ್ಟೆವು. ಇನ್ನಾರು ತಿಂಗಳು ಕಳೆಯಿತು. ಒಂದು ದಿನ ಅವಳೇ, "ರೀ, ಆ ಹಲ್ಲಿನ ಸಂದಿಗೆ ಅನ್ನ ಸಿಕ್ಕಿಕೊಳ್ತಾ ಇದೆ. ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ?" ಎಂದಳು. ನಾನು ಟಾರ್ಚ್ ಹಿಡಿದು ನೋಡಿದೆ. "ಒಂದು ಗೆರೆ ಕೂಡ ಕಾಣಲ್ಲ ಕಣೆ. ಭೇಷಾಗಿದೆ. ನೋವಿದೆಯಾ?" ಎಂದೆ.

"ಏನಿಲ್ಲ ಬಿಡಿ" ಎಂದಳು.

ಎರಡು ತಿಂಗಳ ನಂತರ ಕಾರ್ಖಾನೆಯಿಂದ ಫೋನ್ ಬಂತು. ಊಟ ಮಾಡುವಾಗ ಹಲ್ಲು ಲಟಕ್ಕೆಂದು ಸೀಳಿತ್ತು. ನಾನು ಹೋಗಿ ನೋಡಿದಾಗ ಕೆನ್ನೆ ಊದಿಕೊಂಡಿತ್ತು. ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಪೆಟ್ಟಿಗೆಗಳ ನಡುವೆ ಕೂತಿದ್ದಳು.

"ಫಿಲ್ಲಿಂಗ್ ಕೆಳಗೆ ಪೂರ್ತಿ ಕೊಳೆತಿದೆ. ಸೀಳು ಬೇರಿನ ತನಕ ಹೋಗಿದೆ. ಕೀಳದೆ ಬೇರೆ ದಾರಿ ಇಲ್ಲ" ಎಂದರು ಡಾಕ್ಟರಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಬಿಳೀ ಮಾಲೇ ಸರಿಯಿಲ್ಲ" ಎಂದುಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬಿಳೀದು ಒಳ್ಳೇದೇ. ಒಣಗಿದ ಜಾಗದಲ್ಲಿ ಚೆನ್ನಾಗಿ ಬಾಳುತ್ತೆ. ಈ ಹಲ್ಲಿಗೆ ಅದು ಸರಿಹೋಗಲಿಲ್ಲ. ಊಟ ಸಿಕ್ಕಿಕೊಂಡ ದಿನ ಬಂದಿದ್ರೂ ಉಳಿಸೋಕೆ ನೋಡಬಹುದಿತ್ತು. ನಾನೂ ಅವತ್ತು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು. ನಾನು ತಲೆ ತಗ್ಗಿಸಿದೆ. ಅವರಿಗಾದರೂ ಅಷ್ಟು ಹೇಳುವ ಮನಸ್ಸಿತ್ತು, ನನಗೆ ಅದೂ ಇರಲಿಲ್ಲ.

ಹಲ್ಲು ಕಿತ್ತು ಎರಡು ವರ್ಷವಾಯಿತು. ಅವಳು ಈಗ ಎಡಗಡೆಯಲ್ಲಷ್ಟೇ ಅಗಿಯುತ್ತಾಳೆ. ಕಾರ್ಖಾನೆಯಲ್ಲಿ ಊಟಕ್ಕೆ ಕೊಡುವುದು ಅರ್ಧ ಗಂಟೆ. ಅಷ್ಟರಲ್ಲಿ ಮುಗಿಯದೆ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ವಾಪಸ್ ಬರುತ್ತದೆ. ಕಟ್ಟಿದ ಹಲ್ಲು ಹಾಕಿಸೋಣವೆಂದರೆ, "ಆ ಕುರ್ಚೀಲಿ ಮತ್ತೆ ಕೂರೋಕೆ ನನ್ನ ಕೈಲಾಗಲ್ಲ, ಆಮೇಲೆ ನೋಡೋಣ" ಎನ್ನುತ್ತಾಳೆ. ಸಂಜೆ ಆ ಡಬ್ಬಿ ತೊಳೆಯುವವನು ನಾನು. ಕೈ ಕೈ ಹಿಸುಕಿಕೊಂಡರೆ ಏನು ಬಂತು?

ಕಳೆದ ತಿಂಗಳು ಕಾಲೇಜಿಗೆ ಹೋಗುವ ನಮ್ಮ ಮಗಳಿಗೆ ಮೇಲಿನ ಹಲ್ಲಿನಲ್ಲಿ, ನಕ್ಕರೆ ಕಾಣುವ ಜಾಗದಲ್ಲಿ, ಸಣ್ಣ ಹುಳುಕು ಕಂಡಿತು. ಈ ಸಲ ಲವಂಗ ಗಿವಂಗ ಏನೂ ಇಲ್ಲ, ಮಾರನೆಯ ದಿನವೇ ಮೂವರೂ ಹೋದೆವು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ನಾನು, "ಬೆಳ್ಳೀದೇ ಹಾಕಿಬಿಡಿ ಡಾಕ್ಟ್ರೇ! ಬಿಳೀದರ ಸಹವಾಸ ಸಾಕು" ಎಂದೆ.

"ರೀ" ಎಂದಳು ಹೆಂಡತಿ. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. "ಬಾಯಿ ಅವಳದ್ದು. ಅವಳು ಕೇಳಲಿ, ಡಾಕ್ಟ್ರು ಹೇಳಲಿ. ನೀವು ಹೊರಗೆ ಕೂತ್ಕೊಳ್ಳಿ."

ನಾನು ಹೊರಗೆ ಹೋಗಿ ಬಾಗಿಲ ಬಳಿ ಕುಳಿತೆ. ಒಳಗಿನ ಮಾತು ಕೇಳುತ್ತಿತ್ತು.

"ಮೇಡಂ, ತೂತು ಎಷ್ಟು ಆಳ ಇದೆ? ಒಣಗಿಸೋಕಾಗುತ್ತಾ? ನನ್ನ ಹಲ್ಲಿಗೆ ಯಾವುದು ಸರಿ, ಯಾಕೆ?" ಎಂದಳು ಮಗಳು.

"ತೂತು ಸಣ್ಣದು, ಒಸಡಿಂದ ದೂರ ಇದೆ, ಚೆನ್ನಾಗಿ ಒಣಗುತ್ತೆ. ಇಲ್ಲಿ ಬಿಳೀದೇ ಸರಿ. ಕಡಿಮೆ ಕೊರೆದ್ರೆ ಸಾಕು."

"ಹಾಗಾದ್ರೆ ಅದನ್ನೇ ಹಾಕಿ. ಆರು ತಿಂಗಳಿಗೆ ಯಾವ ದಿನ ಬರಲಿ, ಚೀಟಿಯಲ್ಲಿ ಬರೆದುಕೊಡಿ."

ಮನೆಗೆ ನಡೆದು ಬರುವಾಗ ಮಗಳು ಮುಂದೆ ಹೋಗುತ್ತಿದ್ದಳು. ನಾನು ಹೆಂಡತಿಯನ್ನು ಕೇಳಿದೆ, "ಅವತ್ತು ನಿನ್ನ ಮಾತು ಕೇಳಬೇಕಿತ್ತು. ಇನ್ನೂ ಕೋಪ ಇದೆಯಾ?"

"ಕೋಪ ಎಂದೋ ಹೋಯ್ತು ರೀ. ಹಲ್ಲು ಮಾತ್ರ ವಾಪಸ್ ಬರಲಿಲ್ಲ" ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲಾ ಬಾಯಿಗೂ ಒಗ್ಗುವ ಒಂದೇ ಫಿಲ್ಲಿಂಗ್ ಎಂಬುದಿಲ್ಲ. ಯಾವ ಹಲ್ಲು, ತೂತು ಎಷ್ಟು ದೊಡ್ಡದು, ಒದ್ದೆಯೋ ಒಣಗಿದೆಯೋ, ಹೊಟ್ಟೆಯಲ್ಲಿ ಮಗು ಇದೆಯೋ, ಎಷ್ಟು ದಿನ ಬಾಳುತ್ತದೆ, ಎಷ್ಟು ಖರ್ಚು, ಇದನ್ನೆಲ್ಲ ಸೂಜಿ ಚುಚ್ಚುವ ಮೊದಲೇ ಡಾಕ್ಟರನ್ನು ಕೇಳಿ. ನಾಚಿಕೊಳ್ಳಬೇಡಿ. ಜೊತೆಗೆ ಹೋದವರು ಜೊತೆಗಷ್ಟೇ ಇರಿ, ಹಲ್ಲು ಯಾರದೋ ಅವರೇ ಉತ್ತರ ಕೊಡಲಿ. ನೋವು ಹೋಯಿತೆಂದು ಆರು ತಿಂಗಳ ತಪಾಸಣೆ ತಪ್ಪಿಸಬೇಡಿ. ಇವತ್ತು ಊಟಕ್ಕೆ ಕೂತಾಗ ಮನೆಯವರನ್ನು ಒಮ್ಮೆ ಕೇಳಿ, ಹಲ್ಲು ನೋಯುತ್ತಿದೆಯಾ ಎಂದು. "ಏನಿಲ್ಲ ಬಿಡಿ" ಎಂದರೆ ಇನ್ನೊಮ್ಮೆ ಕೇಳಿ. ನಾನು ಇನ್ನೊಮ್ಮೆ ಕೇಳಲಿಲ್ಲ.