ಮಗುವಿಗೆ ಚಾಚಿದ ಕೈ

ಕೆ.ಆರ್. ಪೇಟೆಯಿಂದ ಪಾಂಡವಪುರದ ಕಡೆಗೆ ಹೋಗುವ ಬೆಳಗಿನ ಬಸ್ಸನ್ನು ನೀವು ಹತ್ತಿದ್ದರೆ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತೇ ಇರುತ್ತದೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಅದರಲ್ಲಿ ಉಸಿರಾಡಲೂ ಜಾಗವಿಲ್ಲ. ಹಾಗಾಗಿ ನಿಂತವರು ತಮ್ಮ ಕೈಯಲ್ಲಿರುವುದನ್ನು ಕೂತವರಿಗೆ ದಾಟಿಸಿಬಿಡುತ್ತಾರೆ. ಚೀಲ, ಊಟದ ಡಬ್ಬಿ, ಹೂವಿನ ಕವರು, ಕಡೆಗೆ ಮಗು. ಕೂತವರು ಯಾರು, ಯಾವ ಊರು ಎಂದು ಯಾರೂ ಕೇಳುವುದಿಲ್ಲ. "ಸ್ವಲ್ಪ ಇಡ್ಕಳವ್ವ" ಅಂದರೆ ಆಯಿತು. ಇಳಿಯುವಾಗ ಇಸ್ಕೊಂಡರೆ ಆಯಿತು.

ಸಿಂಧಘಟ್ಟದ ಬೆಟ್ಟಮ್ಮ ಹೀಗೆ ಮಡಿಲಲ್ಲಿ ಕೂರಿಸಿಕೊಂಡ ಮಕ್ಕಳಿಗೆ ಲೆಕ್ಕವಿಲ್ಲ. ಅವಳ ಸೀರೆ ಒದ್ದೆ ಮಾಡಿದವೂ ಇದ್ದವು. "ಮಕ್ಳಲ್ವಾ, ಬುಡು" ಎಂದು ನಕ್ಕು ಸೆರಗು ಕೊಡವಿಕೊಳ್ಳುವ ಹೆಂಗಸು ಅವಳು. ಕೆಟ್ಟವಳಲ್ಲ. ಈ ಕಥೆ ಕೆಟ್ಟವರದ್ದಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಬೆಟ್ಟಮ್ಮನ ತಂಗಿಯ ಮಗಳಿಗೆ ಹೆರಿಗೆಯಾಯಿತು. ಬಾಣಂತಿಯನ್ನು ನೋಡಲು ಬೆಟ್ಟಮ್ಮ, ಸೊಸೆ ರಂಜಿತ, ಇನ್ನೂ ಸರಿಯಾಗಿ ಮಾತು ಬಾರದ ಮೊಮ್ಮಗ ರಘುನಂದನ್ ಪಾಂಡವಪುರಕ್ಕೆ ಹೊರಟರು. ಹೊರಡುವಾಗ ಬೆಟ್ಟಮ್ಮನ ಗಂಡ ಸಿದ್ದರಾಜು ಬಾಗಿಲ ತನಕ ಬಂದು ಹುಷಾರು ಹೇಳಿದ. ಅವನ ಫೋನಿಗೆ ಒಂದು ಸುದ್ದಿ ಬಂದಿತ್ತು. ಬೇರೆ ದೇಶದಿಂದ ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೆ ಬಂದಿದ್ದಾರೆ, ಬಸ್ಸಿನಲ್ಲೇ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಅಂತ. ಸಿದ್ದರಾಜು ಊರಿನ ಹಾಲಿನ ಡೈರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಎಲ್ಲರಿಗೂ ಕಳಿಸಿದ್ದ. ಅದೇ ಡೈರಿಯಲ್ಲಿ ದಿನವೂ ಹಾಲಿಗೆ ನೀರು ಬೆರೆತಿದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಸುದ್ದಿಯನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಸ್ಸು ತುಂಬಿತ್ತು. ಆದರೂ ನಡುವಿನಲ್ಲಿ ಒಂದು ಸೀಟು ಖಾಲಿ ಇತ್ತು. ಅದರ ಪಕ್ಕ, ಕಿಟಕಿಯ ಬಳಿ, ಕಪ್ಪು ಮೈಬಣ್ಣದ ಒಬ್ಬ ಹುಡುಗಿ ಕೂತಿದ್ದಳು. ಸಣ್ಣ ಸಣ್ಣ ಜಡೆ ಹೆಣೆದ ಕೂದಲು, ಕುತ್ತಿಗೆಗೆ ಸುತ್ತಿದ ಹಳದಿ ಬಟ್ಟೆ, ಎದೆಯ ಮೇಲೆ ಕಾಲೇಜಿನ ಗುರುತಿನ ಚೀಟಿ. ಅವಳ ಹೆಸರು ನೀಮಾ, ಆಫ್ರಿಕಾದ ಟಾಂಜಾನಿಯಾ ದೇಶದವಳು, ಮೈಸೂರಿನಲ್ಲಿ ಓದುತ್ತಿದ್ದಾಳೆ, ಹೊಸಹೊಳಲಿನ ದೇವಸ್ಥಾನದ ಕೆತ್ತನೆ ನೋಡಿಕೊಂಡು ವಾಪಸ್ಸು ಹೋಗುತ್ತಿದ್ದಾಳೆ ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ಯಾರೂ ಕೇಳಲಿಲ್ಲ. ಆ ಸೀಟಿನಲ್ಲಿ ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಒಬ್ಬರು ಕೂರಲಿಲ್ಲ, ಅವರನ್ನು ನೋಡಿ ಇನ್ನೊಬ್ಬರು ಕೂರಲಿಲ್ಲ. ಮಂಡಿ ನೋವಿನ ಮುದುಕಿಯರೂ ಕಂಬಿ ಹಿಡಿದು ನಿಂತೇ ಇದ್ದರು.

ರಂಜಿತ ಅತ್ತೆಗೆ ಸೀಟು ತೋರಿಸಿದಳು. ಬೆಟ್ಟಮ್ಮ ತಲೆ ಅಲ್ಲಾಡಿಸಿದಳು. ಆಗ ಆ ಹುಡುಗಿ ಇವರ ಕಡೆ ತಿರುಗಿ ನಕ್ಕಳು. ನಮ್ಮ ಬಸ್ಸುಗಳಲ್ಲಿ ಓಡಾಡಿ ನಮ್ಮ ಪದ್ಧತಿ ಕಲಿತಿದ್ದಳು. ತನ್ನ ಚೀಲವನ್ನು ಕಾಲ ಬಳಿ ಇಳಿಸಿ, ಮಡಿಲು ಖಾಲಿ ಮಾಡಿಕೊಂಡು, ಮಗುವಿಗೆ ಎರಡೂ ಕೈ ಚಾಚಿದಳು.

"ಕೊಡಿ ಅಮ್ಮ" ಅಂದಳು.

ಮಗು ಅವಳ ಕಡೆಗೆ ಬಗ್ಗಿತು. ಬೆಟ್ಟಮ್ಮ ಅದನ್ನು ಎಳೆದುಕೊಂಡು, ದೃಷ್ಟಿಯಾದೀತು ಎಂಬಂತೆ ಮುಖದ ಮೇಲೆ ಸೆರಗು ಹೊದಿಸಿ, ಬೆನ್ನು ತಿರುಗಿಸಿ ನಿಂತಳು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಂಬಿ. ದಾರಿಯಲ್ಲಿ ಸಿಗುವ ಚಿನಕುರಳಿ ಊರು ಇನ್ನೂ ಮುಂದಿತ್ತು. ರಂಜಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡು ಹಿಡಿದುಕೊಂಡು ಕಂಡಕ್ಟರ್ ಶಂಕರ್ ನಿಂತಿದ್ದ ಕಡೆಗೆ ನುಗ್ಗಿದ್ದಳು. ಕಬ್ಬು ತುಂಬಿದ ಟ್ರಾಕ್ಟರು ಒಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಬೆಟ್ಟಮ್ಮನ ಕೈ ಜಾರಿ ಮಗು ಬಿತ್ತು. ಸೀಟಿನ ಕಬ್ಬಿಣ ಹಣೆಗೆ ಬಡಿದು ರಕ್ತ ಸುರಿಯಿತು.

ಎಲ್ಲರಿಗಿಂತ ಮೊದಲು ಎದ್ದವಳು ನೀಮಾ. ಮಗುವನ್ನು ಎತ್ತಿಕೊಂಡು, ಕುತ್ತಿಗೆಯ ಹಳದಿ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿ ಕಟ್ಟಿದಳು. ಹಿಂದೆ ನಿಂತಿದ್ದವರಿಗೆ ಬಿದ್ದದ್ದು ಕಾಣಲಿಲ್ಲ. ಕಂಡದ್ದು ಅಳುವ ಮಗು, ರಕ್ತ, ಅದನ್ನು ಹಿಡಿದ ಕಪ್ಪು ಕೈ. ಅಷ್ಟು ಸಾಕಾಯಿತು. ಮಗೀನ ಎಳ್ಕಂಡವ್ಳೆ ಎಂದು ಯಾರೋ ಕೂಗಿದರು. ಬಸ್ಸು ನಿಂತಿತು. ಗಂಡಸರು ಸುತ್ತುವರಿದರು. ಒಬ್ಬ ಫೋನು ಎತ್ತಿ ಹಿಡಿದು ಬೆಟ್ಟಮ್ಮನ ಮುಖಕ್ಕೇ ತಂದ.

"ಇವಳೇ ಅಲ್ವೇನವ್ವ ಎಳ್ದಿದ್ದು?"

ನೀಮಾ ಬೆಟ್ಟಮ್ಮನನ್ನೇ ನೋಡುತ್ತಿದ್ದಳು. ಮಗು ಬಿತ್ತು, ಮಗು ಬಿತ್ತು ಎಂದು ತನಗೆ ಬಂದ ಕನ್ನಡದಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ರಂಜಿತ ಜನರನ್ನು ತಳ್ಳಿಕೊಂಡು ಬಂದು ಮಗುವನ್ನು ಇಸ್ಕೊಂಡಳು. ಸೀಟಿದೆ ಎಂದರೂ ಕೂರದೆ ಮಗುವನ್ನು ಬೀಳಿಸಿದೆ ಎಂದು ಸೊಸೆಯ ಮುಂದೆ ಹೇಳುವುದು ಹೇಗೆ? ಬೆಟ್ಟಮ್ಮ ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ತಲೆ ತಗ್ಗಿಸಿ ಅತ್ತಳು. ಜನ ಆ ಅಳುವನ್ನೇ ಉತ್ತರ ಮಾಡಿಕೊಂಡರು.

ಒಬ್ಬ ನೀಮಾಳ ಜಡೆ ಹಿಡಿದು ಬಸ್ಸಿನಿಂದ ಕೆಳಕ್ಕೆ ಎಳೆದ. ಇನ್ನೊಬ್ಬ ಅವಳ ಚೀಲವನ್ನು ಕಿಟಕಿಯಿಂದ ಎಸೆದ. ಶಂಕರ್ ಬೇಡಿಕೊಂಡರೂ ಯಾರೂ ಕೇಳಲಿಲ್ಲ. ಕೊನೆಗೆ ಅವನು ಪೊಲೀಸರಿಗೆ ಫೋನು ಮಾಡಿ, ಅವರು ಬರುವ ತನಕ ಅವಳಿಗೆ ಅಡ್ಡವಾಗಿ ರಸ್ತೆಯಲ್ಲಿ ನಿಂತ. ಬೆಟ್ಟಮ್ಮನೂ ರಂಜಿತಳೂ ಯಾರದೋ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಹಿಂದಿನ ಗಾಜಿನಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಚೆಲ್ಲಿದ ಪುಸ್ತಕಗಳನ್ನು ಆರಿಸುತ್ತಿದ್ದ ಹುಡುಗಿ ಕಾಣಿಸಿದಳು. ಬೆಟ್ಟಮ್ಮ ನೋಡಿದಳು. ಆಗಲೂ ಬಾಯಿ ಬಿಡಲಿಲ್ಲ.

ಮಗುವಿನ ಗಾಯಕ್ಕೆ ಹೊಲಿಗೆ ಬಿತ್ತು. ಬೇಗ ಕಟ್ಟಿದ್ದರಿಂದ ಹೆಚ್ಚು ರಕ್ತ ಹೋಗಿಲ್ಲ ಎಂದರು ಡಾಕ್ಟರು. ಸಂಜೆ ಸಿದ್ದರಾಜು ಡೈರಿಯಿಂದ ಎದೆಯುಬ್ಬಿಸಿಕೊಂಡು ಬಂದ. ವಿಡಿಯೋ ಎಲ್ಲ ಕಡೆ ಹರಡಿತ್ತು. ಮಕ್ಕಳ ಕಳ್ಳಿಯ ಕೈಯಿಂದ ಮೊಮ್ಮಗನನ್ನು ಉಳಿಸಿಕೊಂಡ ಅಜ್ಜಿ ಎಂದು ಅದರ ಮೇಲೆ ಬರೆದಿದ್ದರು. ಬೆಟ್ಟಮ್ಮ ಹಿತ್ತಲಲ್ಲಿ ಹಳದಿ ಬಟ್ಟೆ ಒಗೆಯುತ್ತಿದ್ದಳು. ರಕ್ತದ ಕಲೆ ಹೋದಮೇಲೂ ಉಜ್ಜುತ್ತಲೇ ಇದ್ದಳು.

ಊರಿನ ಆಶಾ ಕಾರ್ಯಕರ್ತೆ ಶ್ವೇತ ಮಗುವನ್ನು ನೋಡಿಕೊಂಡು ಹೋಗಲು ಬಂದಳು. ಬಟ್ಟೆ ಯಾರದೆಂದು ಕೇಳಿದಳು. ಆ ಹುಡುಗಿ ಕಟ್ಟಿದ್ದು ಎಂದು ರಂಜಿತ ಮೆಲ್ಲಗೆ ಹೇಳಿದಳು.

"ಮಗೀನ ಕದಿಯಾಕೆ ಬಂದೋಳು ಗಾಯಕ್ಕೆ ಬಟ್ಟೆ ಕಟ್ಕಂಡು ಕೂರ್ತಾಳಾ ದೊಡ್ಡವ್ವ?" ಅಂದಳು ಶ್ವೇತ.

ಸಿದ್ದರಾಜುವಿಗೆ ಸಿಟ್ಟು ಬಂತು. ಬೆಂಕಿ ಇಲ್ಲದೆ ಹೊಗೆಯಾಡುತ್ತದಾ ಎಂದು ಕೇಳಿದ. ಶ್ವೇತ ಜಗಳಕ್ಕೆ ಇಳಿಯಲಿಲ್ಲ. ವಿಡಿಯೋ ನೋಡಿದ ಕೂಡಲೇ ತಾನು ಠಾಣೆಗೆ ಫೋನು ಮಾಡಿ ವಿಚಾರಿಸಿದ್ದಾಗಿ ಹೇಳಿದಳು. ನಮ್ಮ ಕಡೆ ಯಾವ ಮಗುವೂ ಕಳೆದುಹೋಗಿಲ್ಲ. ಆ ಸುದ್ದಿ ಬೇರೆ ರಾಜ್ಯದಲ್ಲಿ ಯಾವಾಗಲೋ ಹುಟ್ಟಿದ್ದು, ಅಲ್ಲೂ ಸುಳ್ಳೇ. ಪೊಲೀಸರು ಹುಡುಗಿಯನ್ನು ಹಾಸ್ಟೆಲಿಗೆ ಬಿಟ್ಟು, ಮಾರನೇ ದಿನ ಹೇಳಿಕೆ ಕೊಡಲು ಬರಹೇಳಿದ್ದಾರೆ. ವಿಡಿಯೋದಲ್ಲಿ ಅವಳ ಮುಖ ಚೆನ್ನಾಗಿ ಕಾಣುತ್ತಿದೆ. ಯಾರಾದರೂ ಗುರುತು ಹಿಡಿದು ಹೊಡೆದುಬಿಟ್ಟರೆ ಎಂದು ಹೆದರಿ ಅವಳು ಕೋಣೆಯಿಂದ ಹೊರಗೆ ಬರುತ್ತಿಲ್ಲ.

"ಬಸ್ಸಲ್ಲಿದ್ದೋರು ಯಾರಾರ ನಿಜ ಹೇಳ್ನಿಲ್ಲ ಅಂದ್ರೆ ಆ ಹುಡ್ಗಿ ಈ ಕಡೆ ಎಲ್ಲೂ ಉಳ್ಯಾಕಾಗಕಿಲ್ಲ, ದೊಡ್ಡವ್ವ. ನೀವ್ ಏನ್ ನೋಡುದ್ರಿ?"

ಬೆಟ್ಟಮ್ಮ ಒಗೆದ ಬಟ್ಟೆಯನ್ನು ಹಿಂಡಿ ಹಿಂಡಿ ಕೈಯಲ್ಲೇ ಹಿಡಿದಿದ್ದಳು.

"ಅವ್ಳು ಏನೂ ಮಾಡ್ನಿಲ್ಲ ಕಣವ್ವ. ನನ್ ಕೈಯೇ ಜಾರುದ್ದು. ಸೀಟಿತ್ತು, ಕೂರ್ನಿಲ್ಲ. ಅವ್ಳು ಕೈ ಚಾಚುದ್ಲು, ಮಗೀನ ಕೊಡ್ನಿಲ್ಲ. ಜನ ಕೇಳ್ದಾಗ ಬಾಯಿ ಮುಚ್ಕಂಡ್ಬುಟ್ಟೆ."

ರಂಜಿತಳ ಕಣ್ಣು ತುಂಬಿತ್ತು. ಅವಳ ಮದುವೆಯ ಸಮಯದಲ್ಲಿ, ಹುಡುಗಿ ಕಪ್ಪು ಎಂದು ಒಂದು ಸಂಬಂಧ ತಪ್ಪಿಹೋಗಿತ್ತು. ಬಣ್ಣ ಕಟ್ಟಿಕೊಂಡು ಏನು ಮಾಡುವುದು ಎಂದು ಹೇಳಿ ಅವಳನ್ನು ಮನೆ ತುಂಬಿಸಿಕೊಂಡವಳು ಇದೇ ಬೆಟ್ಟಮ್ಮ.

"ನನ್ ಬಣ್ಣ ನೋಡ್ದೆ ಮನೆಗೆ ತಂದ್ಕಂಡ್ರಲ್ಲ ಅತ್ತೆ. ಆ ಹುಡ್ಗಿದ್ ಯಾಕ್ ನೋಡುದ್ರಿ?"

ಅವಳು ಕೇಳಿದ್ದು ಬೆಟ್ಟಮ್ಮನನ್ನು. ನಮ್ಮನ್ನೂ ಕೇಳಿದ ಹಾಗಾಯಿತು. ಪರಿಚಯದವರ ಕಪ್ಪು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಪರದೇಶದವರ ಕಪ್ಪು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಇದಕ್ಕೆ ಏನು ಸಮಾಧಾನ ಹೇಳಿಕೊಳ್ಳುವುದು?

ಸಿದ್ದರಾಜು ಮೂಲೆಯಲ್ಲಿ ಕೂತು ತನ್ನ ಫೋನಿನಲ್ಲಿದ್ದ ಸುದ್ದಿಯನ್ನು ಅಳಿಸಿದ. ಅಷ್ಟರಲ್ಲಿ ಅವನೇ ಕಳಿಸಿದ್ದು ನಾಗಮಂಗಲದ ನೆಂಟರಿಂದ ಅವನಿಗೇ ವಾಪಸ್ಸು ಬಂತು. ಮೈಸೂರಿಗೆ ಹೋಗುವವರು ಹುಷಾರು ಎಂದು ಅವರು ಒಂದು ಸಾಲು ಸೇರಿಸಿದ್ದರು. ಸಿದ್ದರಾಜು ಫೋನನ್ನು ಮಗುಚಿ ಇಟ್ಟ.

ಮಾರನೇ ಬೆಳಿಗ್ಗೆ ಎಲ್ಲರೂ ಠಾಣೆಗೆ ಹೋದರು. ನೀಮಾ ಹಾಸ್ಟೆಲಿನ ವಾರ್ಡನ್ ಜೊತೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಬೆಟ್ಟಮ್ಮನನ್ನು ಕಂಡ ಕೂಡಲೇ ಎದ್ದು ನಿಂತು ಅವಳು ಕೇಳಿದ್ದು ಒಂದೇ, ಮಗು ಚೆನ್ನಾಗಿದೆಯಾ ಅಂತ. ಬೆಟ್ಟಮ್ಮ ನಡೆದದ್ದನ್ನು ನಡೆದ ಹಾಗೆ ಪೊಲೀಸರ ಮುಂದೆ ಹೇಳಿದಳು. ಆಮೇಲೆ ಶ್ವೇತಳ ಫೋನಿನ ಮುಂದೆ ನಿಂತು, ಊರವರಿಗೆಲ್ಲ ಕೇಳಲಿ ಎಂದು ಅದನ್ನೇ ಇನ್ನೊಮ್ಮೆ ಹೇಳಿದಳು. ಸಿದ್ದರಾಜು ಆ ವಿಡಿಯೋವನ್ನು ಡೈರಿಯವರಿಗೂ ನಾಗಮಂಗಲದವರಿಗೂ ಕಳಿಸಿದ, ಮೊದಲು ಸುಳ್ಳು ಕಳಿಸಿದವನು ನಾನೇ ಎಂದು ಬರೆದು. ಸುಳ್ಳು ಓಡಿದಷ್ಟು ವೇಗವಾಗಿ ಅದು ಓಡಲಿಲ್ಲ. ಆದರೂ ಓಡಿತು.

ನೀಮಾ ಒಗೆದು ಮಡಿಸಿದ ಹಳದಿ ಬಟ್ಟೆಯನ್ನು ಇಸ್ಕೊಂಡಳು. ರಘುನಂದನ್ ಹಣೆಯ ಕಟ್ಟಿನೊಂದಿಗೆ ಅವಳ ಕಡೆಗೆ ಬಗ್ಗಿ ಕೈ ಚಾಚಿದ. ಬೆಟ್ಟಮ್ಮ ಮಗುವನ್ನು ಮುಂದೆ ಹಿಡಿದಳು.

"ತಕವ್ವ, ಎತ್ಕೊ."

ನೀಮಾಳ ಕೈಗಳು ಮೇಲೆದ್ದವು. ನಡುವೆ ನಿಂತವು. ಅವಳು ಮಗುವನ್ನು ನೋಡಲಿಲ್ಲ. ಠಾಣೆಯ ಬಾಗಿಲಲ್ಲಿ ಇಣುಕುತ್ತಿದ್ದ ಜನರನ್ನು ನೋಡಿದಳು. ಆಮೇಲೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬೇಡ ಅಮ್ಮ" ಅಂದಳು. "ಜನ ನೋಡ್ತಾರೆ."

ಬೆಟ್ಟಮ್ಮನ ಮನೆಯವರಿಗೆ ಬುದ್ಧಿ ಬಂತು. ಆದರೆ ನಮ್ಮ ಬಸ್ಸಿನಲ್ಲಿ ಮಗುವಿಗೆ ಕೈ ಚಾಚುವುದನ್ನು ಕಲಿತಿದ್ದ ಒಬ್ಬ ಹುಡುಗಿಗೆ ಆ ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನೂ ನಾವೇ ಕಲಿಸಿದೆವು. ಈ ನಾಚಿಕೆ ಬೆಟ್ಟಮ್ಮ ಒಬ್ಬಳದಲ್ಲ.

ಇದನ್ನು ನಿಮ್ಮೂರ ಸಂಘದಲ್ಲಿ ಕೂತು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಫೋನಿಗೆ ಬಂದ ಸುದ್ದಿಯನ್ನು ವಿಚಾರಿಸದೆ ಯಾರಿಗೂ ಕಳಿಸಬೇಡಿ. ಅನುಮಾನ ಬಂದರೆ 112ಕ್ಕೆ ಫೋನು ಮಾಡಿ, ಕೈ ಎತ್ತಬೇಡಿ. ಜನ ಒಬ್ಬರನ್ನು ಸುತ್ತುವರಿದಾಗ ನೀವು ಕಣ್ಣಾರೆ ಕಂಡದ್ದನ್ನು ಆಗಲೇ ಹೇಳಿ, ಮಾರನೇ ದಿನಕ್ಕೆ ಇಡಬೇಡಿ. ಮುಂದೆ ಎಂದಾದರೂ ತುಂಬಿದ ಬಸ್ಸಿನಲ್ಲಿ ನೀಮಾಳಂಥ ಒಬ್ಬರ ಪಕ್ಕದ ಸೀಟು ಖಾಲಿ ಇರುವುದು ಕಂಡರೆ, ದಯವಿಟ್ಟು ಹೋಗಿ ಕೂತುಕೊಳ್ಳಿ.