ಮೊನೆ ಕಂಡರೆ ನಿಲ್ಲಿಸು

ಬೀದಿಯವರು ಅವನನ್ನು ಬೈರಿಗೆ ಸಾಹುಕಾರ ಅಂತ ಕರೆಯುತ್ತಿದ್ದರು. ಮರಗೆಲಸದ ಕೋಣೆಯ ಹಲಗೆಗೋಡೆಯ ಮೇಲೆ, ಕೈಯಲ್ಲಿ ತಿರುಗಿಸುವ ಹಳೇ ಬೈರಿಗೆಗಳು ನಲವತ್ತಮೂರು ನೇತಾಡುತ್ತಿದ್ದರೆ ಇನ್ನೇನಂತ ಕರೆದಾರು? ಕರೆಂಟಿನ ಡ್ರಿಲ್ ಕಂಡರೆ ಅವನಿಗೆ ಮೈಯೆಲ್ಲ ಉರಿ. ಆದರೆ ಇದು ಬರೀ ಸಂಗ್ರಹದ ಹುಚ್ಚಲ್ಲ ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಸಿಕ್ಕಸಿಕ್ಕ ಗುಜರಿಯಲ್ಲೆಲ್ಲ ಅವನು ಹುಡುಕುತ್ತಿದ್ದುದು ಒಂದನ್ನೇ, ಭಾವನ ಬೈರಿಗೆಯನ್ನು.

ಅಕ್ಕನ ಗಂಡನೇ ಅವನಿಗೆ ಗುರು. "ಮೊನೆ ಕಂಡರೆ ನಿಲ್ಲಿಸು" ಅನ್ನುವುದು ಭಾವ ಕಲಿಸಿದ ಮೊದಲ ಪಾಠ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಹಲಗೆಯ ಆಚೆ ಮೈ ಸಿಬಿರೇಳುತ್ತದೆ. ಬೈರಿಗೆಗೆ ಸಿಕ್ಕಿಸಿದ ಬಿಟ್, ಅಂದರೆ ಕೊರೆಯುವ ಕಡ್ಡಿ, ಅದರ ತುದಿಯ ಸೂಜಿಮೊನೆ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಆ ಕಡೆಯಿಂದ ಕೊರೆಯಬೇಕು. ಹಲಗೆಯ ಎರಡು ಬದಿ ನಿಂತು ಇಬ್ಬರೂ ಹಾಗೇ ದುಡಿದರು. ಭಾವ ಶುರುಮಾಡಿದ್ದನ್ನು ಇವನು ಮುಗಿಸಿ, ತೂತಿಗೆ ಬಾಯಿಟ್ಟು ಉಫ್ ಅಂತ ಊದುವನು. ಪುಡಿಯೆಲ್ಲ ಭಾವನ ಮುಖಕ್ಕೆ. "ಒಂದಿನ ಮುಯ್ಯಿ ತೀರಿಸ್ತೀನಿ ಇರೋ ಬಾಮೈದ!" ಅಂತ ಭಾವ ಕಣ್ಣುಜ್ಜಿಕೊಳ್ಳುವರು.

ಆಮೇಲೆ ಯಾವುದೋ ಬಾಗಿಲಿನ ಅಳತೆ ತಪ್ಪಿತು. ನೀನು, ನಾನು ಅಂತ ಮಾತಿಗೆ ಮಾತು ಬೆಳೆದು, ಕೋಣೆಯ ನಡುವೆ ಈ ಹಲಗೆಗೋಡೆ ಎದ್ದಿತು. ಭಾವನ ಪಾಲಿಗೆ ಬೇರೆ ಬಾಗಿಲಾಯಿತು. ಒಂದು ಮಧ್ಯಾಹ್ನ ಆ ಕಡೆಯಿಂದ ಮೂರು ಸಲ ತಟ್ಟಿದ ಸದ್ದು ಇವನ ಕಿವಿಗೆ ಬಿತ್ತು. ಬೇಕಾದರೆ ಅವರೇ ಬರಲಿ ಅಂತ ಬಿಗುಮಾನದಿಂದ ಕೂತೇ ಇದ್ದ. ಸಂಜೆ ಅಕ್ಕ ಹೋಗಿ ನೋಡಿದರೆ, ಭಾವ ಹಲಗೆಗೊರಗಿ ಕೂತಲ್ಲೇ ತಣ್ಣಗಾಗಿದ್ದರು.

"ನಿನಗೇನೂ ಕೇಳಿಸಲಿಲ್ವೇನೋ?"

"ಇಲ್ಲಕ್ಕ" ಅಂದ.

ಅವಳು ಸಾಮಾನೆಲ್ಲ ಗುಜರಿಗೆ ಹಾಕಿ ಆ ಕಡೆಗೆ ಬೀಗ ಜಡಿದಳು. ಒಂಬತ್ತು ವರ್ಷದಿಂದ ಆ ಸುಳ್ಳು ಇವನನ್ನು ಒಳಗೊಳಗೇ ತಿನ್ನುತ್ತಿತ್ತು.

ಮೊನ್ನೆ ಬೈರಿಗೆ ಸಿಕ್ಕೇಬಿಟ್ಟಿತು. ಮರದ ಹಿಡಿಯಲ್ಲಿ ಭಾವನ ಹೆಬ್ಬೆರಳಿನ ಸವೆತ ಹಾಗೇ ಇತ್ತು. ನಲವತ್ತನಾಲ್ಕನೆಯದಾಗಿ ನೇತುಹಾಕಿದ. ಮರುದಿನ ಮಧ್ಯಾಹ್ನ ನೋಡುತ್ತಾನೆ, ಅದರ ಕೆಳಗೆ ಹಲಗೆಯಲ್ಲಿ ಸೂಜಿಯಷ್ಟು ತೂತು. ನೆಲಕ್ಕೆ ಕೂತವನ ಎದೆಯ ಎತ್ತರಕ್ಕಿತ್ತು. ಹುಳ ಹಿಡಿದಿರಬೇಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡರೂ ಅಕ್ಕನನ್ನು ಕೂಗಿದ.

ಅಕ್ಕ ಬೀಗದಕೈ ತಂದಳು. ಆ ಕಡೆ ನೆಲದ ತುಂಬ ಒಂಬತ್ತು ವರ್ಷದ ಧೂಳು, ಒಂದೇ ಒಂದು ಹೆಜ್ಜೆಗುರುತಿಲ್ಲ. ಹಲಗೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಸರಿಯಾಗಿ ಮೊನೆ ಕಂಡಲ್ಲಿಗೆ ನಿಂತಿತ್ತು. ಬುಡದಲ್ಲಿ ಆಗಷ್ಟೇ ಉದುರಿದ ಬೆಳ್ಳನೆಯ ಪುಡಿ.

"ಯಾರೋ ಇದನ್ನ ಕೊರೆದಿದ್ದು?" ಅಕ್ಕ ಬಾಗಿಲತ್ತ ಸರಿದಳು.

"ನೀನು ಇಲ್ಲೇ ಇರು" ಅಂದು ಅವನು ಸುತ್ತು ಹಾಕಿ ತನ್ನ ಕಡೆಗೆ ಬಂದ.

ಮಂಡಿಯೂರಿ ಕೂತು, ಭಾವನ ಬೈರಿಗೆಯಿಂದಲೇ ಉಳಿದದ್ದನ್ನು ಕೊರೆದ. ಬಿಟ್ ಹೊರಗೆಳೆದ. ಪುಡಿ ಊದಲಿಲ್ಲ. ತೂತಿಗೆ ಬಾಯಿಟ್ಟ.

"ಅಕ್ಕಾ, ಅವತ್ತು ನನಗೆ ಕೇಳಿಸಿತ್ತು ಕಣೇ. ಭಾವ ಮೂರು ಸಲ ತಟ್ಟಿದ್ರು. ನಾನೇ ಹೋಗಲಿಲ್ಲ."

ಆಮೇಲೆ ತೂತಿನಿಂದ ಉಫ್ ಅಂತ ಬೆಚ್ಚನೆಯ ಉಸಿರು ಬಂದು ಪುಡಿಯೆಲ್ಲ ಅವನ ಕಣ್ಣಿಗೆ ರಾಚಿತು.

"ಅಕ್ಕಾ?" ಅಂದ, ಕಣ್ಣುಜ್ಜಿಕೊಳ್ಳುತ್ತ.

"ಅಲ್ಲಿ ಒಬ್ಬಳೇ ಇರೋಕೆ ಭಯ ಆಯ್ತು ಕಣೋ, ನಿನ್ನ ಹಿಂದೇನೇ ಬಂದೆ" ಅಂದಳು ಅಕ್ಕ, ಅವನ ಬೆನ್ನ ಹಿಂದೆ ನಿಂತು. "ಎಲ್ಲಾ ಕೇಳಿಸಿಕೊಂಡೆ."